ಓಗೊಟ್ಟ ಪೆಟ್ಟಿಗೆ

ಗೋಡೆಯ ಮೇಲಿನ ಪರದೆಯಲ್ಲಿ ಸಮುದ್ರವಿತ್ತು, ದೋಣಿಗಳಿರಲಿಲ್ಲ. ಬಿತುಂಗ್ ಬಂದರಿನ ಮೀನುಗಾರರ ಸಹಕಾರ ಸಂಘಕ್ಕೆ ಬಂದವರೆಲ್ಲ ಮೊದಲು ಆ ಖಾಲಿ ನಕ್ಷೆ ನೋಡಿ, ಆಮೇಲೆ ಯುಲ್ಸೆಯ ಮುಖ ನೋಡುತ್ತಿದ್ದರು. ಸಂಘದ ಕಂಪ್ಯೂಟರುಗಳ ಹೊಣೆ ಅವಳದು.

ದೋಣಿಗಳು ಟ್ಯೂನಾ ಹಿಡಿಯಲು ಮಲುಕು ಸಮುದ್ರಕ್ಕೆ ಹೋಗಿದ್ದವು. ಪ್ರತಿ ದೋಣಿಯಲ್ಲೂ ಅಂಗೈಯಗಲದ ಒಂದು ಉಪಕರಣ. ತಾನೆಲ್ಲಿದ್ದೇನೆಂದು ಅದು ಆಗಾಗ ಉಪಗ್ರಹದ ಮೂಲಕ ಸಂಘದ ಸರ್ವರಿಗೆ ಹೇಳಿ ಕಳಿಸಬೇಕು. ಮನಾಡೊ ನಗರದ ಬಾಡಿಗೆ ಕೋಣೆಯಲ್ಲಿದ್ದ ಆ ಸರ್ವರನ್ನು ಯುಲ್ಸೆ ಈಚೆಗಷ್ಟೇ ಬಿತುಂಗಿಗೆ ತಂದಿದ್ದಳು. ಹೊಸ ಇಂಟರ್ನೆಟ್ ಲೈನು, ಅದರ ಜೊತೆ ಇಡೀ ಜಗತ್ತಿಗೆ ಕಾಣುವಂಥ ಕೆಲವು ಸ್ವಂತ ವಿಳಾಸಗಳು. ದೋಣಿಗಳು ಹೊರಡುವ ಮುನ್ನವೇ ಉಪಕರಣಗಳಿಗೆಲ್ಲ ಹೊಸ ವಿಳಾಸ ತುಂಬಿಸಿಬಿಟ್ಟಿದ್ದಳು. ಸಂಜೆಯೊಳಗೆ ಎಲ್ಲ ಸರಿಹೋಗುತ್ತದೆಂಬ ಧೈರ್ಯ. ಸರಿಹೋಗಲಿಲ್ಲ. ಅಷ್ಟರಲ್ಲಿ ಪಡುವಣ ಗಾಳಿ ಎದ್ದಿತು. ಒಂದೊಂದೇ ದೋಣಿ ರೇಡಿಯೊದಲ್ಲಿ ತಾನು ಕ್ಷೇಮವೆಂದು ತಿಳಿಸಿತು. ಅವಳ ತಮ್ಮ ಸ್ಟೆನ್ಲಿಯ ದೋಣಿ ಮಾತ್ರ ಉಸಿರೆತ್ತಲಿಲ್ಲ.

"ಯುಲ್ಸೆ, ಲೈನ್ ಕೊಟ್ಟೋರು ಏನಂತಾರೆ?" ಸಂಘದ ಅಧ್ಯಕ್ಷ ಓಮ್ ಬರ್ಟಿ, ಅಂದರೆ ಎಲ್ಲರ ಬರ್ಟಿ ಮಾವ, ಕೇಳಿದ. ಮುದುಕನ ಕೈಯಲ್ಲಿದ್ದ ಶುಂಠಿಯ ಪಾನೀಯ ಸರಬಾ ಆರಿ ತಣ್ಣಗಾಗಿತ್ತು.

"ವಿಳಾಸ ಎಲ್ಲಾ ನಿಮ್ಮ ಬಾಗಿಲವರೆಗೂ ತಂದು ಬಿಟ್ಟಿದೀವಿ, ಆಮೇಲಿಂದು ನಿಮ್ಮ ತಲೆನೋವು ಅಂತಾರೆ, ಓಮ್."

"ಬಾಗಿಲಲ್ಲಿ ಇರೋದು ಇವಳ ಡಬ್ಬ ತಾನೆ," ಎಂದ ಕಾರ್ಯದರ್ಶಿ ಆಲ್ಫ್ರೆಟ್ಸ್. ಮೇಜಿನ ಮೇಲಿದ್ದ ಫೈರ್‌ವಾಲಿನತ್ತ ಅವನ ಬೆರಳು ಹೋಯಿತು. ಇಂಟರ್ನೆಟ್ಟಿನ ಕಳ್ಳರನ್ನು ತಡೆಯುವ, ಊಟದ ಡಬ್ಬಿಯಷ್ಟೇ ಗಾತ್ರದ ಕಪ್ಪು ಪೆಟ್ಟಿಗೆ ಅದು. "ಕಿತ್ತು ಬಿಸಾಕು ಅದನ್ನ. ವೈರ್ ನೇರ ಸರ್ವರಿಗೆ ಚುಚ್ಚು."

"ಹೋದ ವರ್ಷ ಮನಾಡೊದಲ್ಲಿ ಚುಚ್ಚಿದ್ವಲ್ಲ. ಏನಾಯ್ತು ಅಂತ ನೆನಪಿದೆ ತಾನೆ?"

ಯಾರು ಮರೆತಾರು. ಕಾವಲಿಲ್ಲದ ಆ ಸರ್ವರಿನೊಳಗೆ ಕಂಡು ಕೇಳರಿಯದವರು ಯಾರೋ ನುಗ್ಗಿ, ಇದ್ದಬದ್ದದ್ದಕ್ಕೆಲ್ಲ ಬೀಗ ಜಡಿದು ಹೋಗಿದ್ದರು. ಆದರೂ ಯುಲ್ಸೆ ತಂತಿ ನೋಡಲೆಂದು ಮಹಡಿ ಹತ್ತಿದ್ದೇ ತಡ, ಆಲ್ಫ್ರೆಟ್ಸ್ ಪೆಟ್ಟಿಗೆಯ ಹಂಗು ಬಿಟ್ಟು ವೈರನ್ನು ನೇರವಾಗಿ ಸರ್ವರಿಗೆ ಸಿಕ್ಕಿಸಿಯೇಬಿಟ್ಟ. ಅವಳಿಗೆ ಕೆಳಗಿನ ಗದ್ದಲ ಕೇಳಿಸಿತು. ಓಡಿ ಬಂದಾಗ ಪರದೆಯ ಮೇಲೆ ನಾಲ್ಕಾರು ಹಸಿರು ಚುಕ್ಕೆಗಳು. ಸ್ಟೆನ್ಲಿಯ ಹೆಂಡತಿ ಫೆಮಿ ಹತ್ತಿರ ಹೋಗಿ ಗಂಡನ ಚುಕ್ಕೆ ಹುಡುಕುತ್ತಿದ್ದಳು.

"ನೋಡಿದ್ಯಾ," ಎಂದ ಆಲ್ಫ್ರೆಟ್ಸ್.

ಅವನ ಮಾತು ಮುಗಿಯುವಷ್ಟರಲ್ಲಿ ನಕ್ಷೆ ಹೆಪ್ಪುಗಟ್ಟಿತು. ಹಳೆಯ ಸರ್ವರು ಏದುಸಿರು ಬಿಡತೊಡಗಿತು. ಕಾವಲು ತೆಗೆದದ್ದನ್ನು ಕಾದಿದ್ದವರಂತೆ ಜಗತ್ತಿನ ಮೂಲೆ ಮೂಲೆಯ ಕಳ್ಳರು ಅದರ ಕದ ತಟ್ಟುತ್ತಿದ್ದರು. ಸ್ಟೆನ್ಲಿಯ ಸರದಿ ಬರುವ ಮೊದಲೇ ಎಲ್ಲ ನಿಂತುಹೋಯಿತು. ಯುಲ್ಸೆ ವೈರು ಕಿತ್ತು ಮತ್ತೆ ಪೆಟ್ಟಿಗೆಗೇ ಸಿಕ್ಕಿಸಿದಳು. ಪರದೆ ಮತ್ತೆ ಖಾಲಿಯಾಯಿತು.

"ಯಾಕ್ ಕಿತ್ತೆ, ತಾಂತೆ?" ಫೆಮಿ ಕೇಳಿದಳು. ಬಂದರಿನ ಕಿರಿಯರಿಗೆಲ್ಲ ಯುಲ್ಸೆ ತಾಂತೆ, ಅಂದರೆ ಚಿಕ್ಕಮ್ಮ.

"ಬಿಟ್ಟಿದ್ರೆ ಸರ್ವರೇ ಕೈಕೊಡ್ತಿತ್ತು ಕಣೆ. ಸ್ವಲ್ಪ ತಡಿ. ಇವನು ಮಾಡಿದ್ದು ತಪ್ಪೇ, ಆದ್ರೂ ನನಗೊಂದು ತೋರಿಸ್ಕೊಟ್ಟ."

ಅವಳು ಕುರ್ಚಿಗೆ ಒರಗಿ ಕಣ್ಣು ಮುಚ್ಚಿದಳು. ನೇರ ಸಿಕ್ಕಿಸಿದರೆ ಬರುತ್ತದೆ, ಪೆಟ್ಟಿಗೆ ನಡುವೆ ಇದ್ದರೆ ಬರುವುದಿಲ್ಲ. ಪೆಟ್ಟಿಗೆಯಲ್ಲಿ ಸರ್ವರಿನ ದಾರಿಗೆ ಅಡ್ಡಿಯೇನೂ ಇಲ್ಲ. ನಿಯಮಗಳನ್ನು ಬಾಯಿಪಾಠ ಬರುವಷ್ಟು ಸಲ ಓದಿದ್ದಾಳೆ. ಹಾಗಿದ್ದರೆ ಪೆಟ್ಟಿಗೆ ಬಂದದ್ದನ್ನು ತಡೆಯುತ್ತಿಲ್ಲ. ಅದರವರೆಗೆ ಏನೂ ಬರುತ್ತಲೇ ಇಲ್ಲ. ಪೆಟ್ಟಿಗೆಯ ಹೊರಬದಿಯಲ್ಲಿ ಏನು ನಡೆಯುತ್ತಿದೆಯೆಂದು ಕಿವಿಗೊಟ್ಟಳು. ಅವಳ ಕಂಪ್ಯೂಟರಿನ ಪರದೆಯ ತುಂಬ ಒಂದೇ ಪ್ರಶ್ನೆ ಸಾಲುಸಾಲಾಗಿ ಇಳಿಯುತ್ತಿತ್ತು: ಈ ವಿಳಾಸ ಯಾರದು, ಈ ವಿಳಾಸ ಯಾರದು. ಕೇಳುತ್ತಿದ್ದದ್ದು ಲೈನ್ ಕೊಟ್ಟವರ ಯಂತ್ರ. ಉತ್ತರ ಒಂದೂ ಇಲ್ಲ.

ಯುಲ್ಸೆ ಗಹಗಹಿಸಿ ನಕ್ಕಳು.

"ಇವಳಿಗೇನಾಯ್ತಪ್ಪ," ಎಂದ ಓಮ್ ಬರ್ಟಿ.

"ಓಮ್, ಗೇಟಿಗೆ ಯಾರೋ ಬಂದು ಬರ್ಟಿ ಇದಾರಾ ಅಂತ ಕೂಗ್ತಾರೆ ಅಂದ್ಕೊಳ್ಳಿ. ನೀವು ಒಳಗೆ ಮಲಗಿದೀರಿ. ಗೇಟಲ್ಲಿ ಇರೋ ಕಾವಲಿನವ್ನು, ನನ್ ಹೆಸರು ಬರ್ಟಿ ಅಲ್ವಲ್ಲ ಅಂತ ಬಾಯೇ ಬಿಡಲ್ಲ. ಬಂದೋರು ಏನ್ ಮಾಡ್ತಾರೆ?"

"ವಾಪಸ್ ಹೋಗ್ತಾರೆ."

"ಅದೇ ಆಗ್ತಿರೋದು."

ಪೆಟ್ಟಿಗೆಗೆ ಎರಡು ಮಾತು ಕಲಿಸಿದಳು. ಈ ವಿಳಾಸಗಳೆಲ್ಲ ಒಳಗಿನ ತಂತಿಯಲ್ಲಿವೆ ಎಂಬುದೊಂದು. ಹೊರಗಿನವರು ಕೂಗಿದರೆ ಅವುಗಳ ಪರವಾಗಿ ನೀನೇ ಓಗೊಡು ಎಂಬುದಿನ್ನೊಂದು. ರೇಡಿಯೊ ಕೋಣೆಯ ಯಂತ್ರದ ವಿಳಾಸವನ್ನು ಮೊದಲು ಪರೀಕ್ಷಿಸಿದಳು. ಹೊರಗಿನಿಂದ ಕೂಗಿದ ಕೂಡಲೇ ಸಿಕ್ಕಿತು. ಆದರೆ ದೋಣಿಗಳ ಸರ್ವರು ಮಾತ್ರ ಸಿಗಲಿಲ್ಲ.

"ಈಗೇನಂತೆ?" ಎಂದ ಆಲ್ಫ್ರೆಟ್ಸ್. ಈ ಸಲ ಅವನ ದನಿಯಲ್ಲಿ ಕೊಂಕಿರಲಿಲ್ಲ.

ಒಂದು ಸಿಗುತ್ತದೆ, ಇನ್ನೊಂದು ಸಿಗುವುದಿಲ್ಲ. ಎರಡಕ್ಕೂ ಇರುವ ವ್ಯತ್ಯಾಸ ಒಂದೇ. ಯುಲ್ಸೆ ಅವನನ್ನೇ ದಿಟ್ಟಿಸಿದಳು. "ನೀನು ಆಗ ನೇರ ಚುಚ್ಚಿದ್ಯಲ್ಲ, ಅದಕ್ಕೆ. ಸರ್ವರ್ ತಾನೇ ಎದ್ದು ಹೋಗಿ ನಾನಿದೀನಿ ಅಂದಿತ್ತು. ಆಚೆ ಯಂತ್ರ ಆ ಮುಖಾನೇ ಇನ್ನೂ ನೆನಪಿಟ್ಕೊಂಡು ಕೂತಿದೆ, ಪೆಟ್ಟಿಗೆ ಓಗೊಟ್ರೂ ತಿರುಗಿ ನೋಡ್ತಿಲ್ಲ." ಫೋನೆತ್ತಿ ಲೈನಿನ ಕಚೇರಿಯ ನೋಲ್ಡಿಗೆ ಹಚ್ಚಿದಳು.

"ನೋಲ್ಡಿ, ನಿಮ್ಮ ಯಂತ್ರ ನಮ್ಮ ವಿಳಾಸಗಳ ಬಗ್ಗೆ ಏನೇನ್ ನೆನಪಿಟ್ಕೊಂಡಿದ್ಯೋ ಅಷ್ಟೂ ಅಳಿಸು."

"ತಾಂತೆ, ಅದು ತಾನಾಗೇ ಮರೆಯತ್ತೆ. ಒಂದಷ್ಟು ಹೊತ್ತು ಕಾಯಿ."

"ಸಮುದ್ರದಲ್ಲಿರೋನು ನನ್ ತಮ್ಮ ಕಣೋ. ನಾನು ಕಾಯಲ್ಲ."

ಆಚೆ ಕೀಲಿಗಳ ಸದ್ದು ಕೇಳಿಸಿತು. "ಆಯ್ತು, ಅಳಿಸ್ದೆ."

ಒಂದು ಚುಕ್ಕೆ ಮೂಡಿತು. ಅದರ ಪಕ್ಕದಲ್ಲಿ ಇನ್ನೊಂದು. ಆಮೇಲೆ ಬಿತ್ತಿದ ಕಾಳು ಮೊಳೆತಂತೆ ನಕ್ಷೆಯ ತುಂಬ ಹಸಿರು. ಬಾಗಿಲಲ್ಲಿ ನಿಂತಿದ್ದವರು ತಂತಮ್ಮ ದೋಣಿಯ ಹೆಸರು ಓದಿಕೊಂಡು ಒಬ್ಬರನ್ನೊಬ್ಬರು ತಬ್ಬಿಕೊಂಡರು. ಫೈರ್‌ವಾಲಿನ ಹೊರಗೆ ಕಳ್ಳರು ತಟ್ಟುತ್ತಲೇ ಇದ್ದರು. ಪೆಟ್ಟಿಗೆ ಅವರನ್ನು ಅಲ್ಲೇ ನಿಲ್ಲಿಸಿ, ದೋಣಿಗಳ ಮಾತನ್ನು ಮಾತ್ರ ಒಳಗೆ ಬಿಡುತ್ತಿತ್ತು.

"ಅಲ್ಲಿ," ಎಂದಳು ಫೆಮಿ.

ಬೇರೆಲ್ಲ ದೋಣಿಗಳು ತೀರದತ್ತ ಬರುತ್ತಿದ್ದರೆ ಸ್ಟೆನ್ಲಿಯದು ಗಾಳಿಯ ಹಿಂದೆ ಮೂಡಣಕ್ಕೆ ತೇಲುತ್ತಿತ್ತು. ಎಂಜಿನ್ ಕೆಟ್ಟಿದೆ, ರೇಡಿಯೊ ಕೂಡ ಸತ್ತಿದೆ ಎಂದು ಓಮ್ ಬರ್ಟಿ ನೋಡಿದೊಡನೆ ಹೇಳಿದ. ಅದಕ್ಕೆ ಹತ್ತಿರದ ಚುಕ್ಕೆ ಆಲ್ಫ್ರೆಟ್ಸನ ಅಣ್ಣನ ದೋಣಿ. ಆಲ್ಫ್ರೆಟ್ಸ್ ತಾನೇ ರೇಡಿಯೊ ಕೋಣೆಗೆ ಓಡಿ ಅಣ್ಣನಿಗೆ ದಿಕ್ಕು ಹೇಳಿದ, ಹೇಳುತ್ತಲೇ ಇದ್ದ, ಗಂಟಲು ಕಟ್ಟುವವರೆಗೂ. ಪರದೆಯ ಮೇಲೆ ಎರಡು ಚುಕ್ಕೆಗಳು ನಿಧಾನವಾಗಿ ಹತ್ತಿರವಾದವು. ಕೊನೆಗೆ ಒಂದರ ಮೇಲೊಂದು ಕೂತವು. ಆಮೇಲೆ ಎರಡೂ ಜೊತೆಯಾಗಿ ಪಡುವಣಕ್ಕೆ ತಿರುಗಿದವು.

ಬಂದರಿನ ಮುಂದಿನ ಲೆಂಬೆ ಜಲಸಂಧಿಯೊಳಗೆ, ಹಗ್ಗ ಕಟ್ಟಿ ಎಳೆತಂದ ಸ್ಟೆನ್ಲಿಯ ದೋಣಿ ಬಂದಾಗ ಇನ್ನೂ ಬಿಸಿಲಿತ್ತು. ಕಟ್ಟೆಯಲ್ಲಿದ್ದ ದೋಣಿಗಳೆಲ್ಲ ಹಾರ್ನ್ ಹೊಡೆದವು. ಉಪ್ಪು ಹತ್ತಿ ಬೆಳ್ಳಗಾದ ಮುಖದ ಸ್ಟೆನ್ಲಿ ಜಿಗಿದು ಇಳಿದು ಹೆಂಡತಿಯನ್ನು ಅಪ್ಪಿಕೊಂಡ. ಆಮೇಲೆ ಅಕ್ಕನ ಮುಂದೆ ಬಂದು ನಿಂತ.

"ಹಸಿವಾಗ್ತಿದೆ," ಎಂದ.

"ನಂಗೂ," ಎಂದಳು ಯುಲ್ಸೆ. ಓಮ್ ಬರ್ಟಿ ಇಬ್ಬರನ್ನೂ ಒಂದೊಂದು ಬಗಲಿಗೆ ಹಾಕಿಕೊಂಡು, ಹೊಗೆಯಾಡಿಸಿದ ಮೀನಿನ ಅಂಗಡಿಯತ್ತ ನಡೆದ. ಹಿಂದಿನಿಂದ ಇಡೀ ಬಂದರು ಬಂತು.