ಹೊನ್ನಯ್ಯನ ಬಾಗಿಲು

“ಹೊನ್ನಯ್ಯಣ್ಣ, ನಿಮ್ ತಂಗಿ ಪಟ್ಟಲಮ್ಮೋರು ಬಂದವ್ರೆ. ಗೇಟ್ ತಾವ ಕೂತವ್ರೆ,” ಎಂದು ಕಾವಲುಗಾರ ಪುಟ್ಟರಾಜು ಫೋನಿನಲ್ಲಿ ಹೇಳಿದಾಗ ಹೊನ್ನಯ್ಯ ಪೇಟ ಸುತ್ತಿಕೊಂಡು ಜಗಲಿಯ ಮೇಲೆ ಕೂತಿದ್ದ. ಬೆಂಗಳೂರಿನ ಹೆಂಗಸೊಬ್ಬಳು ಪಕ್ಕದಲ್ಲಿ ಕೂತು ಫೋಟೋ ತೆಗೆಸಿಕೊಳ್ಳುತ್ತಿದ್ದಳು.

ಮಳವಳ್ಳಿ ಕಡೆಯ ಆ ಬೆಟ್ಟದ ಮೇಲೆ ರೆಸಾರ್ಟು ಮಾಡಿದವರು ನೆತ್ತಿಯಲ್ಲಿ ಒಂದು ಹೆಂಚಿನ ಮನೆ ಕಟ್ಟಿ ‘ಹಳ್ಳಿ ಮನೆ’ ಎಂದು ಬೋರ್ಡು ಹಾಕಿದ್ದರು. ಅದರಲ್ಲಿ ಯಜಮಾನನ ಹಾಗೆ ಕೂತಿರುವುದೇ ಹೊನ್ನಯ್ಯನ ಕೆಲಸ. ಬಂದವರು ಚಪ್ಪಲಿ ಕಾಲಲ್ಲೇ ಅಡುಗೆಮನೆಗೆ ನುಗ್ಗುತ್ತಿದ್ದರು, ರಾಗಿಕಲ್ಲು ತಿರುಗಿಸಿ ನಗುತ್ತಿದ್ದರು, ಅವನು ಮಲಗುವ ಮಂಚದ ಮೇಲೆ ಕೂತು ಕುಲುಕಿ ನೋಡುತ್ತಿದ್ದರು. ಅವರು ಹೋದ ಮೇಲೆ ಮಾತಿಗೊಂದು ನರಪಿಳ್ಳೆ ಇರುತ್ತಿರಲಿಲ್ಲ. ಹೆಂಡತಿ ಸತ್ತ ಮೇಲೆ ಒಂಟಿತನ ಅಭ್ಯಾಸವಾಗುತ್ತದೆ ಅಂದುಕೊಂಡಿದ್ದ. ಎಲ್ಲಿಯ ಅಭ್ಯಾಸ, ಸುಡುಗಾಡು! ಸಂಜೆ ಕೆಳಗೆ ತನ್ನೂರು ಪೂರಿಗಾಲಿಯ ದೀಪ ಹತ್ತಿದರೆ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಊರಲ್ಲಿ ಮಾತ್ರ ಬೇರೆಯದೇ ಕಥೆ ಹೇಳಿದ್ದ. ಮನೆ ತನ್ನದೇ, ಸಾಹುಕಾರರೇ ಬಿಟ್ಟುಕೊಟ್ಟಿದ್ದಾರೆ, ಹೇಳೋರು ಕೇಳೋರು ಯಾರೂ ಇಲ್ಲ ಎಂದು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಅನ್ನುವ ಆಸಾಮಿ.

ಈಗ ಪಟ್ಟಲಮ್ಮನ ಮಗಳು ಕವಿತಳ ಮದುವೆ. ಹುಡುಗಿಯನ್ನು ಹಸೆಮಣೆಗೆ ಕರೆತರಬೇಕಾದವನು ಸೋದರಮಾವ. ಅವನನ್ನು ಅವನ ಹೊಸ್ತಿಲಿಗೇ ಹೋಗಿ ಎಲೆ ಅಡಿಕೆ ಕೊಟ್ಟು ಕರೆಯಬೇಕು. ತನ್ನನ್ನು ಕರೆಯುತ್ತಾರೋ ಮರೆತೇಬಿಟ್ಟರೋ ಎಂದು ಹೊನ್ನಯ್ಯನ ಜೀವ ಒದ್ದಾಡಿಹೋಗಿತ್ತು.

ಅಷ್ಟರಲ್ಲಿ ಫೋನು ತಂಗಿಯ ಕೈಗೆ ಹೋಯಿತು.

“ಅಣ್ಣೋ, ಈ ವಯ್ಯ ಬುಡ್ತಾನೇ ಇಲ್ಲ ಕಣಣ್ಣ. ಸನಿವಾರ ಕೆಲಸದೋರ ನೆಂಟ್ರನ್ನ ಒಳೀಕೆ ಬುಡಂಗಿಲ್ವಂತೆ. ನಿನ್ನ ಮನೇಗೆ ನಾನು ಬರಕ್ಕೆ ಇವರ್ದೇನು ಅಪ್ಪಣೆ?”

ಹೊನ್ನಯ್ಯ ಲೆಕ್ಕ ಹಾಕಿದ. ಇಳಿದು ಹೋದರೆ ತಾನಿಲ್ಲಿ ಆಳು ಎಂದು ಒಪ್ಪಿಕೊಂಡಂತೆ. ಮ್ಯಾನೇಜರನ್ನು ಕೇಳಿದರೆ ಅವನು ತಂಗಿಯ ಎದುರಿಗೇ ಬೈದಾನು.

“ಕೂತಿರವ್ವ, ಬುಡ್ತಾರೆ. ಕೊಡಾದಾದ್ರೆ ನನ್ ಮನೆ ಬಾಗ್ಲಲ್ಲೇ ಕೊಡ್ಬೇಕು.”

“ಬಿಸ್ಲು ಕಣಣ್ಣ. ನೀನೇ ಇಳ್ದು ಬಾ.”

“ಗೇಟಲ್ಲಿ ನಿಂತು ಈಸ್ಕಳಕ್ಕೆ ನಾನೇನು ಬಿಕ್ಸ ಬೇಡೋನಾ?” ಎಂದು ರೇಗಿ ಫೋನು ಇಟ್ಟುಬಿಟ್ಟ.

ಇಟ್ಟವನು ಯಾರನ್ನೂ ಏನೂ ಕೇಳಲಿಲ್ಲ. ಮತ್ತೆ ಜಗಲಿಯ ಮೇಲೆ ಕೂತ. ಇನ್ನೊಂದು ಗುಂಪು ಬಂತು, ಫೋಟೋ ತೆಗೆಸಿಕೊಂಡು ಹೋಯಿತು. ಬಿಸಿಲಲ್ಲಿ ಮಡಿಲಿನ ಮೇಲೆ ಎಲೆ ಅಡಿಕೆಯ ತಟ್ಟೆ ಇಟ್ಟುಕೊಂಡು ಕೂತಿರುವ ತಂಗಿ ಕಣ್ಣಿಗೆ ಕಟ್ಟಿದಳು. ಥೂ ನನ್ನ ಜನ್ಮಕ್ಕೆ ಎನ್ನಿಸಿತು. ಪೇಟ ಕಿತ್ತು ಮಂಚದ ಮೇಲೆ ಎಸೆದು, ಇಳಿಜಾರಿನಲ್ಲಿ ಎದ್ದೆನೋ ಬಿದ್ದೆನೋ ಎಂದು ಓಡಿದ.

ಗೇಟಿನ ಹತ್ತಿರ ತಂಗಿ ಇರಲಿಲ್ಲ.

“ಬಸ್ಸು ಬಂತು, ಅತ್ತುಸ್ದೆ,” ಎಂದ ಪುಟ್ಟರಾಜು.

“ಎಲೆ ಅಡ್ಕೆ ನಿನ್ ಕೈಲಿ ಕೊಟ್ಲಾ?”

“ಕೇಳ್ದೆ, ಕೊಡ್ನಿಲ್ಲ. ಬೀಗ ಆಕಿರೋ ಮನೇಗೆ ಕರೀತಾರಲ್ಲ, ಅಂಗೇ ಕರ್ದು ಓದ್ರು. ಆಚೆ ಬಂದು ನೋಡಿ.”

ಹೊನ್ನಯ್ಯ ಪಕ್ಕದ ಸಣ್ಣ ಬಾಗಿಲಿನಿಂದ ಹೊರಗೆ ಹೋದ. ಕಬ್ಬಿಣದ ಗೇಟಿಗೆ, ರೆಸಾರ್ಟಿನ ಹೆಸರಿನ ಕೆಳಗೆ, ಅರಿಶಿನ ಕುಂಕುಮ ಹಚ್ಚಿತ್ತು. ನೆಲದ ಮೇಲೆ ಎಲೆ, ಅಡಿಕೆ, ಲಗ್ನಪತ್ರಿಕೆ.

“ಏನಾರ ಅಂದ್ಲಾ?”

“ಕೈ ಮುಗುದು, ‘ನಮ್ಮಣ್ಣ ಬಂದ್ರೆ ಯೇಳವ್ವ’ ಅಂದ್ರು. ನಂಗಲ್ಲ ಕಣಣ್ಣ, ಗೇಟಿಗೆ.”

ಹೊನ್ನಯ್ಯನಿಗೆ ಅಳು ಉಕ್ಕಿ ಬಂತು. ಬಗ್ಗಿ ಎಲೆ ಅಡಿಕೆ ಎತ್ತಿಕೊಂಡು ಕಣ್ಣಿಗೊತ್ತಿಕೊಂಡ. ಬಾಡಿದ್ದರೂ ಎಲೆ ಇನ್ನೂ ಒದ್ದೆಯಾಗಿತ್ತು. ಕುಂಕುಮವನ್ನು ಮುಟ್ಟಿ ಹಣೆಗಿಟ್ಟುಕೊಳ್ಳೋಣವೆಂದು ಕೈ ಚಾಚುವಷ್ಟರಲ್ಲಿ ಬೆನ್ನ ಹಿಂದೆ ಕಾರೊಂದು ಹಾರನ್ ಹೊಡೆಯಿತು. ಪುಟ್ಟರಾಜು ಗುಂಡಿ ಒತ್ತಿದ. ಗೇಟು ಗರಗರ ಸದ್ದು ಮಾಡುತ್ತಾ ಪಕ್ಕಕ್ಕೆ ಸರಿಯಿತು, ಅದರ ಜೊತೆಗೆ ಕುಂಕುಮವೂ ಗೋಡೆಯ ಹಿಂದಕ್ಕೆ ಹೋಯಿತು.

ಕಾರುಗಳು ಒಂದರ ಹಿಂದೊಂದು ಬರುತ್ತಲೇ ಇದ್ದವು. ಗೇಟು ಮುಚ್ಚಲಿ ಎಂದು ಹೊನ್ನಯ್ಯ ಪಕ್ಕಕ್ಕೆ ಸರಿದು ಕಾಯುತ್ತಾ ನಿಂತ.