ಆತ ಕುಡಿದ ಬಟ್ಟಲು

ನಾನು ಹಿಡಿಯಿಲ್ಲದ ಒಂದು ಪುಟ್ಟ ಕಾಫಿ ಬಟ್ಟಲು. ಹೆಬ್ರಾನ್ ಊರಿನ ಕುಂಬಾರನೊಬ್ಬನ ಆವಿಗೆಯಲ್ಲಿ ಬೆಂದು ಹುಟ್ಟಿದೆ. ಬಿಳಿ ಮೈ, ಅಂಚಿನಲ್ಲೊಂದು ನೀಲಿ ಬಳ್ಳಿ. ಮೂರೇ ಗುಟುಕಿಗೆ ನನ್ನ ಹೊಟ್ಟೆ ತುಂಬುತ್ತದೆ. ಸಮೀಹಾ ಎಂಬಾಕೆ ಮದುವೆಯಾಗಿ ಬೆಟ್ಟದ ಹಳ್ಳಿಗೆ ಹೋಗುವಾಗ ನನ್ನನ್ನೂ ನನ್ನ ಐವರು ಒಡಹುಟ್ಟಿದವರನ್ನೂ ಹುಲ್ಲಿನಲ್ಲಿ ಸುತ್ತಿ ಒಯ್ದಳು.

ಆ ಸೀಮೆಯಲ್ಲಿ ಒಂದು ಪದ್ಧತಿ. ದೊಡ್ಡ ಕೋರಿಕೆ ಹೊತ್ತು ಬಂದವರು ಕಾಫಿಯನ್ನು ಮುಟ್ಟದೆ ಮುಂದಿಟ್ಟುಕೊಂಡು ಕೂರುತ್ತಾರೆ. ಮನೆಯವರು ‘ಕುಡಿಯಿರಿ, ಕೊಟ್ಟೆವು’ ಎಂದ ಮೇಲೆಯೇ ಬಟ್ಟಲು ತುಟಿಗೇರುವುದು. ಹೀಗೆ ನನ್ನೆದುರು ಹೆಣ್ಣು ಕೊಟ್ಟಿದ್ದಾರೆ. ಕೊಲೆಯ ಹಗೆಯೊಂದು ನನ್ನೊಳಗೇ ತಣಿದಿದೆ. ಆಡಿದ ನುಡಿಗೆ ಸಾಕ್ಷಿ ಬೇಕು, ಕುಡಿದ ಗುಟುಕಿಗೆ ಬೇಡ.

ಸಮೀಹಾಳ ಮಗ ಐಹಮ್‌ನನ್ನು ಇಸ್ರೇಲಿ ಸೈನಿಕರು ಹಿಡಿದೊಯ್ದ ವರ್ಷವೇ ಆ ಮನುಷ್ಯ ನಮ್ಮ ಅಂಗಳಕ್ಕೆ ಬಂದದ್ದು. ದೂರದ ದೇಶವೊಂದರ ಮಾಜಿ ಅಧ್ಯಕ್ಷ. ಹೋಗಬೇಡಿ ಎಂದು ಆತನ ಸರ್ಕಾರವೇ ಹೇಳಿತ್ತಂತೆ. ಎರಡೂ ಕಡೆಯವರನ್ನು ತಾನೇ ಕೂರಿಸಿ ಮಾತಾಡಿಸುತ್ತೇನೆಂದು ಹೊರಟಿದ್ದ. ರೇಡಿಯೋದಲ್ಲಿ ಒಬ್ಬರು ಸಂತ ಎಂದರೆ ಇನ್ನೊಬ್ಬರು ದ್ರೋಹಿ ಎನ್ನುತ್ತಿದ್ದರು.

“ಕುರ್ಚಿಯಲ್ಲಿದ್ದಾಗ ಈ ಬೆಟ್ಟ ಕಾಣಲಿಲ್ಲ, ಇಳಿದ ಮೇಲೆ ಕಂಡಿತೇನೋ!” ಎಂದ ಸಮೀಹಾಳ ಮೈದುನ ಗಸ್ಸಾನ್.

“ಬಾಯಿ ಮುಚ್ಚೋ. ಅತಿಥಿ ಕಣೋ,” ಎಂದು ಗದರಿ ಆಕೆ ನನ್ನನ್ನು ತುಂಬಿಸಿದಳು. ಏಲಕ್ಕಿಯ ಹಬೆ ಎದ್ದಿತು. ನನ್ನನ್ನು ಆತನ ಮುಂದಿಟ್ಟು ಕೈ ಮಡಚಿ ನಿಂತಳು.

“ನಿಮ್ಮ ಮನೆ ಬಾಗಿಲಿಗೆ ಬಂದು ಕೇಳೋಣ ಅಂದ್ರೆ ನನ್ನನ್ನ ಗಡಿ ದಾಟೋಕೆ ಬಿಡೋದಿಲ್ಲ, ಯಜಮಾನರೇ. ಇಲ್ಲೇ ಕೇಳ್ತೀನಿ. ನನ್ನ ಮಗನ್ನ ಮನೆಗೆ ತರೋಕೆ ಆಗುತ್ತೆ ಅಂದ್ರೆ ಇದನ್ನ ಕುಡೀರಿ. ಆಗಲ್ಲ ಅಂದ್ರೆ ಹಾಗೇ ಬಿಡಿ, ಬೇಜಾರಿಲ್ಲ.”

ಆತನ ಜೊತೆ ಬಂದಿದ್ದ ದುಭಾಷಿ ಒಂದಕ್ಷರ ಬಿಡದೆ ತಿಳಿಸಿದ. ಆತ ನನ್ನನ್ನು ಕೈಗೆತ್ತಿಕೊಂಡ. ಆಗದು ಎಂದು ತಾಯಿಯೊಬ್ಬಳ ಮುಖಕ್ಕೆ ಹೇಳಲು ಆತನಿಂದಾಗಲಿಲ್ಲ. ಮೂರು ಗುಟುಕು, ಅಷ್ಟೇ. ಅಂಗಳದ ಹೆಂಗಸರು ಮದುವೆಮನೆಯವರಂತೆ ಹರ್ಷದ ಕೂಗು ಹಾಕಿದರು. ದುಭಾಷಿ ಮಾತ್ರ ತಲೆ ತಗ್ಗಿಸಿದ. ಬರಿದಾದ ನನ್ನೊಳಗೆ ಏನೋ ಭಾರವೊಂದು ಕೂತಿತು.

ವಾರ ಕಳೆದು ಐಹಮ್‌ನ ವಕೀಲರು ಬಂದರು. “ತಪ್ಪೊಪ್ಪಿಗೆಗೆ ಐಹಮ್ ಸಹಿ ಹಾಕಿದರೆ ನಾಲ್ಕೇ ವರ್ಷ, ತಾಯಿ.”

“ಮಾಡದ ತಪ್ಪಿಗೆ ಯಾಕೆ ಸಹಿ? ದೊಡ್ಡವರು ಕಾಫಿ ಕುಡಿದು ಹೋಗಿದ್ದಾರೆ. ಹಾಕಬೇಡ ಅಂತ ಹೇಳಿ ಅವನಿಗೆ.”

ತಾಯಿಯ ಮಾತನ್ನು ಮಗ ಮೀರಲಿಲ್ಲ. ಸೈನಿಕ ನ್ಯಾಯಾಲಯ ಹದಿನೆಂಟು ವರ್ಷ ಬರೆಯಿತು. ಆ ಸಂಜೆಯೇ ಕಾಫಿ ಕುಡಿದು ಹೋದ ಮಾಜಿ ಅಧ್ಯಕ್ಷನ ಸರ್ಕಾರ ರೇಡಿಯೋದಲ್ಲಿ ಹೇಳಿತು: ಅವರು ಖಾಸಗಿ ವ್ಯಕ್ತಿ, ಅವರ ಮಾತು ನಮ್ಮ ಮಾತಲ್ಲ. ಗಸ್ಸಾನ್ ನನ್ನನ್ನು ಗೋಡೆಗೆಸೆಯಲು ಎತ್ತಿದ. ಸಮೀಹಾ ಕಿತ್ತುಕೊಂಡಳು. “ಬಟ್ಟಲೇನು ಮಾಡಿತೋ?” ಮುಂದೆ ಸೈನಿಕರು ಮನೆ ಶೋಧಿಸಿದಾಗ ನನ್ನ ಐವರು ಒಡಹುಟ್ಟಿದವರೂ ಪುಡಿಯಾದರು. ಗೋಡೆಯ ಗೂಡಿನಲ್ಲಿ ನಾನೊಬ್ಬನೇ ಉಳಿದೆ.

ಹನ್ನೊಂದನೆಯ ವರ್ಷ ಆತ ಮತ್ತೆ ಬಂದ. ಹಿಂದಿನಂತೆ ಕ್ಯಾಮೆರಾಗಳಿಲ್ಲ. ಕೈಯಲ್ಲೊಂದು ಊರುಗೋಲು, ಜೊತೆಗೆ ಅದೇ ದುಭಾಷಿ. ಸಮೀಹಾ ನನ್ನನ್ನು ತುಂಬಿಸಿ ಕೊಟ್ಟಳು. ಆತ ಎರಡೂ ಕೈಯಲ್ಲಿ ಹಿಡಿದು, ಕುಡಿಯದೆ, ಮೆಲ್ಲಗೆ ನೆಲದ ಮೇಲಿಟ್ಟ.

“ಈ ಸಲ ಕೇಳೋಕೆ ಬಂದವನು ನಾನು,” ಎಂದ. “ಕ್ಷಮಿಸಿದೆ ಅನ್ನಿ, ಕುಡೀತೀನಿ.”

“ಪದ್ಧತಿ ಕಲಿತಿದ್ದೀರಿ,” ಎಂದಳು ಆಕೆ. ‘ಕುಡಿಯಿರಿ’ ಎನ್ನಲಿಲ್ಲ.

ಹಬೆ ನಿಂತಿತು. ಮಧ್ಯಾಹ್ನದ ನಮಾಜಿನ ಕರೆ ಕೇಳಿ ಆಕೆ ಎದ್ದು ಪ್ರಾರ್ಥಿಸಿ ಬಂದಳು. ಆತ ಕಾದೇ ಇದ್ದ. ಬಿಸಿಲು ಹೊಸ್ತಿಲು ದಾಟಿದಾಗ ಕೋಲೂರಿ ಎದ್ದುಹೋದ. ಮರುವರ್ಷ ಆತ ತೀರಿಕೊಂಡ ಸುದ್ದಿ ರೇಡಿಯೋದಲ್ಲಿ ಬಂತು. ಆಕೆ ಅದನ್ನು ಆರಿಸಿ ನನ್ನ ಕಡೆ ನೋಡಿದಳು.

ಆತ ಕುಡಿಯದೆ ಬಿಟ್ಟುಹೋದ ಆ ಕಾಫಿಯನ್ನು ಆಕೆ ಚೆಲ್ಲಿಲ್ಲ, ನನ್ನನ್ನು ತೊಳೆದೂ ಇಲ್ಲ. ತುಂಬಿದ್ದನ್ನು ಹಾಗೇ ಎತ್ತಿ ಗೂಡಿನಲ್ಲಿಟ್ಟಳು. ಅದು ಒಣಗಿ ನನ್ನ ತಳದಲ್ಲಿ ಕಪ್ಪಗೆ ಕಚ್ಚಿಕೊಂಡಿದೆ. ಐಹಮ್ ಬರಲು ಇನ್ನೂ ಆರು ವರ್ಷ. ದಿನವೂ ಪ್ರಾರ್ಥನೆ ಮುಗಿಸಿ ಆಕೆ ನನ್ನ ಮುಂದೆ ನಿಲ್ಲುತ್ತಾಳೆ. ತುಟಿ ಅಲುಗುತ್ತದೆ. ‘ಕುಡಿಯಿರಿ’ ಎಂಬ ಒಂದು ಮಾತಿಗಾಗಿ ನಾನು ಕಿವಿಗೊಟ್ಟು ಕೂತಿದ್ದೇನೆ. ಇವತ್ತೂ ಅದು ಬರಲಿಲ್ಲ.