ಇಪ್ಪತ್ತೈದು ಚೌಕದ ಕಾರ್ಡು

"ಚೌಕ ಖಾಲಿ ಬಿಡೋಕಾಗಲ್ಲ ಮೇಡಂ," ಎಂದ ವಿಕಿರಣ ಕೋಣೆಯ ಟೆಕ್ನಿಷಿಯನ್, ಮೂರನೆಯ ಸಲ. "ಖಾಲಿ ಇದ್ರೆ ಪೇಷಂಟು ಅರ್ಧಕ್ಕೆ ಬಿಟ್ಟುಹೋದ್ರು ಅಂತ ಅರ್ಥ. ಆಮೇಲೆ ನಾನು ಉತ್ತರ ಕೊಡಬೇಕು."

ಅವಳು ಕಾರ್ಡನ್ನು ತಿರುಗಿಸಿ ನೋಡಿದಳು. ಹಳದಿ ಕಾರ್ಡು, ಐದು ಸಾಲು, ಸಾಲಿಗೆ ಐದು ಚೌಕ. ದಿನಕ್ಕೊಮ್ಮೆ ಯಂತ್ರದಡಿ ಮಲಗಿ ಎದ್ದು, ಒಂದು ಚೌಕಕ್ಕೆ ಮುದ್ರೆ ಒತ್ತಿಸಿಕೊಂಡು ಹೋಗಬೇಕು. ಮೇಲೆ ಅವಳ ಚಿಕ್ಕಮ್ಮನ ಹೆಸರಿತ್ತು.

ಸಿಟ್ಟಿಗೆ ಅವಳ ಮೈ ಉರಿಯದೆ ಇರುತ್ತದೆಯೇ? ಸ್ತನದ ಕ್ಯಾನ್ಸರಿಗೆ ದಿನದ ಪ್ರಮಾಣ ಸ್ವಲ್ಪ ಹೆಚ್ಚಿಸಿ, ಐದು ವಾರದ ಬದಲು ಮೂರೇ ವಾರ ಕೊಟ್ಟರೂ ಫಲ ಅಷ್ಟೇ ಎಂದು ಇದೇ ಆಸ್ಪತ್ರೆಯ ಆರುನೂರು ಹೆಂಗಸರನ್ನು ಏಳು ವರ್ಷ ಬೆನ್ನುಬಿಡದೆ ನೋಡಿ ತೋರಿಸಿಕೊಟ್ಟವಳು ಅವಳು. ತಪ್ಪುವ ಆ ಹತ್ತು ದಿನಗಳಿಂದ ಮನೆಯವರಿಗೆ ಎಷ್ಟು ಬಸ್ಸು, ಎಷ್ಟು ದಿನದ ಕೆಲಸ ಉಳಿಯುತ್ತದೆ ಎಂದು ಇನ್ನೊಂದು ಪ್ರಬಂಧ. ಎಲ್ಲ ಸೇರಿ ನಲವತ್ತೊಂದು. ದೂರದೂರದ ಆಸ್ಪತ್ರೆಗಳು ಅವನ್ನು ಓದಿ ಪದ್ಧತಿಯನ್ನೇ ಬದಲಾಯಿಸಿಕೊಂಡಿದ್ದವು. ಅವಳ ಮೇಜಿನಿಂದ ಒಂದು ಮಹಡಿ ಕೆಳಗಿದ್ದ ಈ ಕೋಣೆಗೆ ಮಾತ್ರ ಸುದ್ದಿ ಇಳಿದುಬಂದಿರಲಿಲ್ಲ. ನಿಜ ಹೇಳಬೇಕೆಂದರೆ, ಅವಳೂ ಇಳಿದುಬಂದಿರಲಿಲ್ಲ.

"ಅಧ್ಯಯನಕ್ಕೆ ಹದಿನೈದು ಚೌಕದ ಬಿಳಿ ಕಾರ್ಡು ಮಾಡಿಸಿದ್ವಲ್ಲ?"

"ಅಧ್ಯಯನ ಮುಗೀತು, ಬಿಳಿ ಕಾರ್ಡೂ ಮುಗೀತು. ಹಳದಿದು ಇನ್ನೂ ಎರಡು ಪೆಟ್ಟಿಗೆ ಇದೆ. ಡಾಕ್ಟರುಗಳೂ ಅಷ್ಟೇ, ಕಾರ್ಡಲ್ಲಿ ಎಷ್ಟು ಚೌಕಾನೋ ಅಷ್ಟೇ ಬರೀತಾರೆ."

"ಶುರುವಾದ್ಮೇಲೆ ನಡುವೆ ಬದಲಾಯಿಸೋಕಾಗಲ್ಲ ಕಣಪ್ಪ, ಪ್ರಮಾಣಾನೇ ಬೇರೆ. ಇವರದ್ದು ಇವತ್ತೇ ಮೊದಲನೇ ದಿನ!"

"ಹಾಗಾದ್ರೆ ಮುಖ್ಯಸ್ಥರ ಸಹಿ ತನ್ನಿ."

ಬೆಂಚಿನ ಮೇಲೆ ಕುಳಿತಿದ್ದ ಚಿಕ್ಕಮ್ಮ ಎಲ್ಲ ಕೇಳಿಸಿಕೊಂಡಿದ್ದಳು. ಸಿದ್ಧ ಉಡುಪಿನ ಅಂಗಡಿಯೊಂದರಲ್ಲಿ ಹೊಲಿಯುವವಳು. ಎರಡು ಬಸ್ಸು ಹಿಡಿದು, ಊದಿಕೊಂಡ ಮಂಡಿ ಎಳೆದುಕೊಂಡು ಬಂದಿದ್ದಳು. "ಏನೇ ಪುಟ್ಟಿ, ಇವರಿಗೆಲ್ಲ ಇಪ್ಪತ್ತೈದು, ನನಗೆ ಹದಿನೈದಾ? ನೀನಿದ್ದೀಯ, ನಾಲ್ಕು ಜಾಸ್ತಿ ಕೊಡಿಸ್ತೀಯ ಅಂತಿದ್ರೆ ಇರೋದನ್ನೂ ಕಿತ್ಕೋತಿದ್ದೀಯಲ್ಲ!"

"ಗುಣ ಕಮ್ಮಿ ಅಲ್ಲ ಚಿಕ್ಕಮ್ಮ, ದಿನ ಕಮ್ಮಿ. ಒಂದು ಅಂಗೀನ ನೀನು ಮೂರು ದಿನಕ್ಕೆ ಹೊಲಿದ್ರೂ ಐದು ದಿನಕ್ಕೆ ಹೊಲಿದ್ರೂ ಅಂಗಿ ಅದೇ ತಾನೆ?"

"ಮೂರು ದಿನದ್ದು ಅವಸರದ್ದು. ಹೊಲಿಗೆ ಬಿಚ್ಕೊಳ್ಳುತ್ತೆ."

ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಅವಳು ಕಾರ್ಡನ್ನು ಚಿಕ್ಕಮ್ಮನ ಕೈಗಿಟ್ಟು ಮೇಲಕ್ಕೆ ಓಡಿ, ತನ್ನ ಪ್ರಬಂಧದ ಪ್ರತಿ ಹಿಡಿದು ಮುಖ್ಯಸ್ಥರ ಕೋಣೆಗೆ ನುಗ್ಗಿದಳು.

ವಿಭಾಗದಲ್ಲಿ ಒಂದು ಪದ್ಧತಿ. ಯಾರೇ ಏನೇ ಬರೆಯಲಿ, ಮೊದಲ ಹೆಸರು ಮುಖ್ಯಸ್ಥರದು. ಆಮೇಲೆ ಉಪಮುಖ್ಯಸ್ಥರು, ಆಮೇಲೆ ಅಂಕಿಅಂಶದವರು. ಬರೆದವಳು ನಾಲ್ಕನೆಯವಳು.

ಮುಖ್ಯಸ್ಥರು ಹುಬ್ಬೇರಿಸಿದರು. "ಮೂರೇ ವಾರಾನಾ? ಇದಕ್ಕೆಲ್ಲ ಆಧಾರ ಬೇಕಮ್ಮ. ಯಾರು ಹೇಳಿದ್ದು?"

"ನೀವೇ ಸರ್."

ಪ್ರಬಂಧವನ್ನು ಅವರ ಮುಂದೆ ಇಟ್ಟಳು. ಅವರು ಕನ್ನಡಕ ಹಾಕಿಕೊಂಡು ತಮ್ಮ ಹೆಸರು ನೋಡಿದರು. ಮೊದಲ ಪುಟ ಓದಿದರು. ಆಶ್ಚರ್ಯವೆಂದರೆ ಎರಡನೆಯದನ್ನೂ ಓದಿದರು. ಅವಳು ಗಡಿಯಾರ ನೋಡುತ್ತ ನಿಂತಿದ್ದಳು. ಚಿಕ್ಕಮ್ಮನ ಸರದಿ ಹನ್ನೊಂದಕ್ಕೆ.

"ಪರವಾಗಿಲ್ಲ, ಚೆನ್ನಾಗೇ ಬರೆದಿದ್ದೀನಲ್ಲ!" ಎಂದು ಅವರು ಹೊಸ ಪ್ರಮಾಣ ಬರೆದು ಸಹಿ ಹಾಕಿದರು.

ಸಹಿಯ ಹಾಳೆಯನ್ನೂ ಪ್ರಬಂಧವನ್ನೂ ಎತ್ತಿಕೊಂಡು ಅವಳು ಕೆಳಗೆ ಬಂದಳು. ಟೆಕ್ನಿಷಿಯನ್ ಸಹಿಯನ್ನು ಬೆಳಕಿಗೆ ಹಿಡಿದು ನೋಡಿ, ಕಾರ್ಡಿಗೆ ಗೆರೆ ಎಳೆಯಲು ಸ್ಕೇಲು ಕೊಟ್ಟ. ಚಿಕ್ಕಮ್ಮ ಮಾತ್ರ ಕಾರ್ಡು ಬಿಟ್ಟುಕೊಡಲಿಲ್ಲ. ಅವಳ ಕಣ್ಣು ಪ್ರಬಂಧದ ಮೇಲಿತ್ತು.

"ಇದರಲ್ಲಿ ನೀನೆಲ್ಲೇ?"

"ನಾಲ್ಕನೇದು."

"ಬರೆದೋರು?"

"ನಾನೇ."

ಸೂಜಿ ಚುಚ್ಚಿ ಚುಚ್ಚಿ ಒರಟಾದ ಬೆರಳು ಆ ಹೆಸರಿನ ಮೇಲೆ ನಿಂತಿತು. "ಹೊಲಿಯೋದು ನಾವು, ಬೋರ್ಡಲ್ಲಿ ಹೆಸರು ಮಾಲೀಕಂದು. ನನಗೆ ಗೊತ್ತಿಲ್ವಾ? ನೀನೇ ಬರೆದಿದ್ದು ಅಂತ ಮೊದಲೇ ಬೊಗಳಬಾರ್ದಿತ್ತಾ! ಎಳಿ ಗೆರೆ."

ಹದಿನೈದನೆಯ ಚೌಕದ ಕೆಳಗೆ ಅವಳು ಗೆರೆ ಎಳೆದಳು. ಒಳಗಿನಿಂದ ಕರೆ ಬಂತು, ಚಿಕ್ಕಮ್ಮ ಸೆರಗು ಸರಿಮಾಡಿಕೊಂಡು ಒಳಗೆ ಹೋದಳು.

ಪಕ್ಕದಲ್ಲಿ ಕುಳಿತಿದ್ದ ಹೆಂಗಸು ಈಗ ತನ್ನ ಕಾರ್ಡನ್ನು ಚಾಚಿದಳು. ಅದರಲ್ಲಿ ಹದಿನಾಲ್ಕು ಮುದ್ರೆಗಳಿದ್ದವು.

"ನನಗೂ ಒಂದು ಗೆರೆ ಎಳೀರಿ ಅಮ್ಮ. ದಿನಾ ಮನೇಲಿ ಮಗು ಬಿಟ್ಟು ಬರ್ತೀನಿ."

ಹಳೆಯ ಪ್ರಮಾಣದಲ್ಲಿ ಹದಿನಾಲ್ಕು ದಿನ ಕಳೆದ ಕಾರ್ಡಿಗೆ ಗೆರೆ ಎಳೆಯುವಂತಿಲ್ಲ; ಅವಳು ಸ್ಕೇಲು ಹಿಡಿದು ನಿಂತೇ ಇದ್ದಳು. ಬೆಂಚಿನ ಆ ತುದಿಯವರೆಗೂ ಒಂದೊಂದೇ ಚೀಲ ತೆರೆದುಕೊಂಡು, ಹಳದಿ ಕಾರ್ಡುಗಳು ಹೊರಬರತೊಡಗಿದವು.